ಅರಿಶಿನದ ನೀರಿಗೆ ಹೋಗದ ಬಣ್ಣ

ಸಿದ್ದೇನದೊಡ್ಡಿಯಲ್ಲಿ ಮುನಿಗಂಗಮ್ಮನ ಬಾಯಿಗೆ ಹೆದರದ ಜೀವ ಎರಡೇ. ಒಂದು ಅವಳ ಗಂಡ ಚಿನ್ನಸ್ವಾಮಿ, ಅವನಿಗೆ ಅಭ್ಯಾಸವಾಗಿಹೋಗಿತ್ತು. ಇನ್ನೊಂದು ಅವಳ ಎಮ್ಮೆ, ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಉಳಿದವರೆಲ್ಲ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಕೆಟ್ಟವಳೇನಲ್ಲ, ಕೈ ಬಿಚ್ಚಿ ಕೊಡುವ ಹೆಂಗಸೇ. ಆದರೆ ತನ್ನದಲ್ಲದ ತಪ್ಪಿಗೆ ತಲೆ ತಗ್ಗಿಸು ಎಂದರೆ ಮಾತ್ರ, ಅಯ್ಯೋ ಶಿವನೇ, ಆ ವಿದ್ಯೆಯನ್ನು ಅವಳಿಗೆ ಹೆತ್ತವರೂ ಕಲಿಸಿರಲಿಲ್ಲ, ಕಟ್ಟಿಕೊಂಡವನೂ ಕಲಿಸಲಾಗಲಿಲ್ಲ.

ಸಿದ್ದೇನದೊಡ್ಡಿ ಇರುವುದು ತಮಿಳುನಾಡಿನ ಗಡಿಯೊಳಗೆ, ತಳಿಯಿಂದ ಗುಮ್ಮಳಾಪುರಕ್ಕೆ ಹೋಗುವ ದಾರಿಯಲ್ಲಿ. ತಂಪು ನೆಲ. ರಾಗಿ, ಕೋಸು ಹೇಗೂ ಇದ್ದೇ ಇದೆ, ಅದರ ಜೊತೆಗೆ ಸೇವಂತಿಗೆ, ಕನಕಾಂಬರ. ಗಂಡಸರಲ್ಲಿ ಅರ್ಧ ಜನ ಹೊಸೂರಿನ ಕಾರ್ಖಾನೆಗಳಿಗೆ ಬಸ್ಸು ಹತ್ತುತ್ತಾರೆ. ಹೂವು ಬಿಡಿಸುವುದು, ಬುಟ್ಟಿ ತುಂಬುವುದು, ಹೊಸೂರಿನ ಹೂವಿನ ಮಂಡಿಗೆ ಒಯ್ದು ಮಾರುವುದು ಹೆಂಗಸರ ಪಾಲಿನ ಕೆಲಸ. ಒಯ್ಯುವುದಕ್ಕೆ ಊರಿಗೆಲ್ಲ ಇದ್ದದ್ದು ಕುಮಾರೇಶನ ಟೆಂಪೋ ಒಂದೇ.

ಒಂದೇ ಗಾಡಿ ಇರುವ ಊರಲ್ಲಿ ಗಾಡಿಯವನೇ ರಾಜ. ತನ್ನ ಅಣ್ಣತಮ್ಮಂದಿರ ಮನೆಯ ಬುಟ್ಟಿಗಳನ್ನು ಕುಮಾರೇಶ ಮೊದಲು ಹತ್ತಿಸುತ್ತಿದ್ದ, ಮಂಡಿಯಲ್ಲಿ ಮೊದಲು ಇಳಿಸುತ್ತಿದ್ದ. ಉಳಿದವರ ಬುಟ್ಟಿಗಳು ಅಡಿಗೆ ಬಿದ್ದು ನಲುಗಬೇಕು. ಬುಟ್ಟಿಯ ಒಡತಿಯರು ಮೇಲೆ ಹಗ್ಗ ಹಿಡಿದು ಕೂತು ನಲುಗಬೇಕು. ಯಾರಾದರೂ ತುಟಿ ಬಿಚ್ಚಿದರೆ, "ಬೇಕಾದ್ರೆ ಬಾ, ಬ್ಯಾಡ್ದಿದ್ರೆ ತಲೆ ಮ್ಯಾಲೆ ಹೊತ್ಕೊಂಡ್ ಹೋಗು" ಎನ್ನುವುದು ಅವನ ಮಾಮೂಲು ಉತ್ತರ.

ಒಂದು ದಿನ ಅವನಿಗೆ ಯಾರದೋ ತಗಡಿನ ಶೀಟು ಸಾಗಿಸುವುದಿತ್ತು. ಜಾಗ ಸಾಲದೆಂದು ಮುನಿಗಂಗಮ್ಮನ ಕನಕಾಂಬರದ ಬುಟ್ಟಿಯನ್ನು ರಸ್ತೆಯಂಚಿಗೆ ಇಳಿಸಿ, "ನಾಳೆ ನೋಡಾನ" ಎಂದ. ನಾಳೆ ನೋಡುವುದಕ್ಕೆ ಅದೇನು ಕುಂಬಳಕಾಯಿಯೇ? ಮುನಿಗಂಗಮ್ಮ ಸೆರಗು ಸಿಕ್ಕಿಸಿದಳು.

"ಲೋ ಕುಮಾರೇಶ, ಇನ್ಮ್ಯಾಕೆ ನಿನ್ ಗಾಡಿಗೆ ಕಾಲಿಕ್ಕಿದ್ರೆ ನನ್ ಹೆಸ್ರು ಮುನಿಗಂಗಿ ಅಲ್ಲ."

"ಮತ್ತೇನು, ಕಾರು ತಗೊಂತೀಯಾ?"

"ಊಂ ಕಣ್ಲಾ, ತಗೊಂತೀನಿ! ಬರೀ ತಗೊಳಾದಲ್ಲ, ನಾನೇ ಓಡುಸ್ತೀನಿ!"

ಟೆಂಪೋ ಮೇಲಿದ್ದ ಹೆಂಗಸರೂ ನಕ್ಕರು. ಸಿಟ್ಟಿನಲ್ಲಿ ಬಾಯಿಂದ ಜಾರಿದ ಮಾತು ಅದು. ಬೇರೆಯವರಾಗಿದ್ದರೆ ಮನೆಗೆ ಹೋಗಿ ನೀರು ಕುಡಿದು ಮರೆಯುತ್ತಿದ್ದರು. ಮುನಿಗಂಗಮ್ಮ ಮರೆಯುವ ಜಾತಿಯಲ್ಲ. ಜೊತೆಗೆ ಅವಳಿಗೆ ಗಾಡಿ ಓಡಿಸುವುದು ನಿಜವಾಗಿಯೂ ಬರುತ್ತಿತ್ತು. ಅವಳ ತವರು ಅಂಚೆಟ್ಟಿಯ ಆಚೆ, ಕಾಡಿನ ನಡುವಿನ ನಾಟ್ರಾಂಪಾಳ್ಯ. ಅವಳ ಅಣ್ಣ ಅಲ್ಲಿ ಜೀಪು ಓಡಿಸುತ್ತಿದ್ದ. ಮದುವೆಗೆ ಮುಂಚೆಯೇ ಆ ಗುಡ್ಡದ ದಾರಿಯಲ್ಲಿ ಅಣ್ಣನನ್ನು ಕಾಡಿಸಿ ಬೇಡಿಸಿ ಸ್ಟೇರಿಂಗು ಹಿಡಿದವಳು. ಆನೆ ಅಡ್ಡ ಬರುವ ರಸ್ತೆಯಲ್ಲಿ ಜೀಪು ಹಿಂದಕ್ಕೆ ತೆಗೆದವಳಿಗೆ ತಳಿಯ ರಸ್ತೆ ಯಾವ ಲೆಕ್ಕ? ಲೈಸೆನ್ಸು ಒಂದು ಇರಲಿಲ್ಲ. ಅದನ್ನೂ ಹಟ ಹಿಡಿದು ಮಾಡಿಸಿಕೊಂಡಳು.

ಗಾಡಿ ಸಿಕ್ಕಿದ್ದು ಹೊಸೂರಿನಲ್ಲಿ. ಯಾವುದೋ ಧರ್ಮದ ಟ್ರಸ್ಟಿನವರದು, ಹಳೆಯ ಬಿಳಿ ಮಾರುತಿ ಓಮ್ನಿ ವ್ಯಾನು. ಹಿಂದಿನ ಸೀಟು ತೆಗೆದು ಜಾಗ ಬಿಡಿಸಿದ್ದರು. ಬುಟ್ಟಿಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಎರಡು ಪಕ್ಕಕ್ಕೂ ಹಿಂದಿನ ಬಾಗಿಲಿಗೂ ತಮಿಳಿನಲ್ಲಿ ಕೆಂಪಗೆ, ದಪ್ಪಗೆ ಬರೆದಿತ್ತು: ಅಮರರ್ ಊರ್ದಿ. ಹೆಣ ಸಾಗಿಸುವ ಗಾಡಿಗೆ ತಮಿಳಿನವರು ಇಟ್ಟ ಮರ್ಯಾದೆಯ ಹೆಸರು. ಟ್ರಸ್ಟಿನವರಿಗೆ ದೊಡ್ಡ ವ್ಯಾನು ಬಂದಿತ್ತು, ಇದನ್ನು ಕೊಳ್ಳುವವರು ಮಾತ್ರ ಬಂದಿರಲಿಲ್ಲ.

ಚಿನ್ನಸ್ವಾಮಿ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಥೂ, ನಿಂಗೇನಾರ ಮೈಮ್ಯಾಲೆ ಗ್ಯಾನ ಐತಾ? ಲೋಕದಾಗೆ ಬ್ಯಾರೆ ಗಾಡಿ ಸಿಕ್ನಿಲ್ವಾ?"

"ಸುಮ್ಕಿರು. ಸತ್ತೋರು ಯಾವತ್ತಾರ 'ಬಿರ್ನೆ ಓಡ್ಸಯ್ಯಾ' ಅಂತ ಡ್ರೈವರ್‌ನ ಬೈದವ್ರಾ? ಮೆತ್ತುಗೆ ಓಡಿರೋ ಗಾಡಿ ಇದು. ಇಂಜಿನ್ನು ಇನ್ನೂ ಹೊಸ ಮದುವಣಗಿತ್ತಿ ಇದ್ದಂಗೈತೆ."

"ಊರೋರು ಕೇಳಿದ್ರೆ?"

"ಕೇಳಿದ್ರೆ ಹೇಳ್ತೀನಿ. ಕೇಳ್ದೆ ಇದ್ರೆ ಮೈಕು ಹಾಕ್ಕೊಂಡು ಯಾಕೆ ಕೂಗ್ಲಿ? ಮೊದ್ಲು ಬಣ್ಣ ಹೊಡ್ಸಾನ."

ತಳಿಯಲ್ಲಿ ಅಶ್ವತ್ಥಪ್ಪನೆಂಬ ಪೇಂಟರಿದ್ದ. ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಾರು, ಆಟೋ, ಟ್ರಾಕ್ಟರು ಎಲ್ಲಕ್ಕೂ ಬಣ್ಣ ಹೊಡೆಯುತ್ತಿದ್ದ. ಕೈ ಚೆನ್ನಾಗಿತ್ತು, ಧೈರ್ಯ ಸಾಲದು. ಗಾಡಿ ಶೆಡ್ಡಿನೊಳಗೆ ಬಂದು ನಿಂತಾಗಲೇ ಅವನ ಮುಖ ಬಿಳಿಚಿತು. ಆದರೂ ಬಂದ ಕೆಲಸ ಬಿಡಲು ಮನಸ್ಸಿಲ್ಲ. "ಬಿಡಕ್ಕ, ನಾನ್ ಮಾಡ್ಕೊಡ್ತೀನಿ, ನೀನು ಶುಕ್ರವಾರ ಬಾ" ಎಂದ. ಸೇವಂತಿಗೆಯ ಹಳದಿ ಬೇಕೆಂದು ಮುನಿಗಂಗಮ್ಮ ಒಂದು ಹೂವನ್ನೇ ಕಿತ್ತು ಅವನ ಕೈಗಿಟ್ಟು ಬಂದಳು.

ಶುಕ್ರವಾರ ಹೋದರೆ, ಅಬ್ಬಾ! ಶೆಡ್ಡಿನೊಳಗೆ ಬೆಳಕು ಹೊತ್ತಿಸಿದ ಹಾಗೆ ಗಾಡಿ ನಿಂತಿತ್ತು. ಕೆಂಪಿನ ಸುಳಿವಿಲ್ಲ. ಅಶ್ವತ್ಥಪ್ಪ ಗಾಡಿಯ ಮುಂದೆ ಬೂದುಗುಂಬಳ ಒಡೆದು, ಕರ್ಪೂರ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟುಕೊಟ್ಟ. ಪೇಂಟರ್ ಯಾಕೆ ಪೂಜಾರಿಯಾದ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ನಿಂಬೆಹಣ್ಣು ಚಪ್ಪಟೆ ಮಾಡಿಕೊಂಡು ಗೇರು ಹಾಕಿ ಊರಿಗೆ ಬಂದೇಬಿಟ್ಟಳು.

ಊರಿನ ಅರಳಿಕಟ್ಟೆಯ ಮುಂದೆ ಅವಳು ಹಾರನ್ನು ಒತ್ತಿದ ಒತ್ತಿಗೆ ಮಲಗಿದ್ದ ನಾಯಿಗಳೆಲ್ಲ ಎದ್ದವು. ಹೆಂಗಸರು ಮುತ್ತಿಕೊಂಡರು. ಎಲ್ಲರಿಗಿಂತ ಮುಂದೆ ವರಲಕ್ಷ್ಮಮ್ಮ. ಊರಿನ ಹಿರಿಯ ಜೀವ. ಹುಟ್ಟಿಗೂ ಸಾವಿಗೂ ಶಾಸ್ತ್ರ ಹೇಳುವವಳು. ಹೊಸೂರಿನ ದಾರಿಯಲ್ಲಿರುವ ಮುನೇಶ್ವರನ ಗುಡಿಗೆ ದಿನಾ ಹೂವು ಕೊಡುವವಳೂ ಅವಳೇ. ತಾನೇ ಆರತಿ ತಂದು ಬೆಳಗಿ, "ಹೆಣ್ಣೆಂಗ್ಸು ಅಂದ್ರೆ ನೀನು ಕಣಮ್ಮಿ! ನಾಳೆಯಿಂದ ನನ್ ಬುಟ್ಟಿ ನಿನ್ ಗಾಡಿಗೇ" ಎಂದಳು. ಆ ಮಾತು ಬಿದ್ದದ್ದೇ ತಡ, ನಂದೂ ನಂದೂ ಎಂದು ಎಲ್ಲರೂ ಕೂಗಿದರು. ದೂರದಲ್ಲಿ ಕುಮಾರೇಶ ಟೆಂಪೋಗೆ ಒರಗಿಕೊಂಡು ಉಗುರು ಕಚ್ಚುತ್ತಿದ್ದ. ಅವನ ಮುಖ ನೋಡಿ ಮುನಿಗಂಗಮ್ಮನ ಹೊಟ್ಟೆ ತಂಪಾಯಿತು. ಸುಳ್ಳು ಯಾಕೆ ಹೇಳಬೇಕು, ಆರತಿಗಿಂತ ಅದೇ ಅವಳಿಗೆ ಹೆಚ್ಚು ಖುಷಿ ಕೊಟ್ಟಿತು.

ಗಾಡಿಯನ್ನು ಕಟ್ಟೆಯ ಪಕ್ಕ ಬಿಸಿಲಲ್ಲೇ ಬಿಟ್ಟು ಊಟಕ್ಕೆ ಹೋಗಿದ್ದಳು. ಹಿಟ್ಟಿನ ಮುದ್ದೆ ಇನ್ನೂ ಅರ್ಧ ಆಗಿರಲಿಲ್ಲ, ಹೊರಗೆ ಗದ್ದಲ ಕೇಳಿತು. ಎಂಜಲು ಕೈಯಲ್ಲೇ ಓಡಿದಳು.

ಹಳದಿಯ ಮೈಮೇಲೆ ಅಕ್ಷರಗಳು ಎದ್ದಿದ್ದವು. ಬರೀ ಕಂಡಿದ್ದರೆ ಬೇರೆ ಮಾತು. ಬರೆ ಎಳೆದ ಚರ್ಮದ ಹಾಗೆ ಊದಿಕೊಂಡು, ಸುಕ್ಕು ಸುಕ್ಕಾಗಿ, ಒಂದೊಂದು ಅಕ್ಷರವೂ ತನ್ನ ಅಚ್ಚಿನಲ್ಲೇ ಮೇಲೆ ಬಂದಿತ್ತು. ಸುತ್ತಲೂ ಕೆಂಪು ಒಸರಿ ಹಳದಿಗೆ ಹಬ್ಬಿತ್ತು. ತಮಿಳು ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಕೂಡಿಸಿ ಕೂಡಿಸಿ ಓದಿಯೂಬಿಟ್ಟಳು. ಅವಳ ತಾಯಿ ಮಗಳ ಬಾಯಿ ಮುಚ್ಚಿ ದರದರ ಎಳೆದುಕೊಂಡು ಹೋದಳು.

"ಹೆಣದ ಗಾಡಿ!"

"ಅಯ್ಯಯ್ಯೋ, ರಕ್ತ ನೋಡ್ರೇ!"

"ಬಣ್ಣ ಬಳುದ್ರೆ ಸತ್ತೋರು ಸುಮ್ಕಿರ್ತಾರಾ? ಎದ್ದು ಬಂದವ್ರೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಧ್ಯಾಹ್ನದಲ್ಲಿ ಅಕ್ಷರ ಎದ್ದಿತ್ತು. ಸಂಜೆಯೊಳಗೆ ಗಾಡಿ ತಾನೇ ಉಸಿರಾಡಿತಂತೆ, ಒಳಗೆ ಯಾರೋ ಕೆಮ್ಮಿದರಂತೆ! ಮುನಿಗಂಗಮ್ಮ, "ರಕ್ತ ಯಾಕಾಯ್ತದೆ, ಅರಿಶಿನ ಕುಂಕುಮ ಅನ್ಕೊಳ್ರೇ" ಎಂದು ಕೂಗಿದ್ದೇ ಬಂತು, ಯಾರೂ ನಗಲಿಲ್ಲ. ಆ ಹೆಂಗಸರು ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿ ತನ್ನನ್ನು ಕಂಡು ಬಾಯಿ ಮುಚ್ಚಿಕೊಂಡದ್ದು ಅವಳಿಗೆ ಕಂಡಿತು. ವರಲಕ್ಷ್ಮಮ್ಮ ಬೆಳಗಿದ ಆರತಿ ತಟ್ಟೆಯನ್ನು ಹುಣಸೇಹಣ್ಣು ಹಾಕಿ ಉಜ್ಜುತ್ತಿದ್ದದ್ದೂ ಕಂಡಿತು. ಕುಮಾರೇಶ ಮಾತ್ರ ಟೆಂಪೋದ ಹಾಡು ಜೋರು ಮಾಡಿದ.

ಮಾರನೆಯ ಬೆಳಿಗ್ಗೆ ಒಬ್ಬಳ ಬುಟ್ಟಿಯೂ ಬರಲಿಲ್ಲ. ಮುನಿಗಂಗಮ್ಮ ತನ್ನದೊಂದೇ ಬುಟ್ಟಿ ಹಾಕಿಕೊಂಡು ಹೊರಟಳು. ಬುಟ್ಟಿ ಹಿಂದೆ ಅತ್ತಿತ್ತ ಜಾರುವ ಸದ್ದಿಗೆ ದಾರಿಯುದ್ದಕ್ಕೂ ಅವಳ ಎದೆ ಉರಿಯಿತು. ಮೇಲೆ ತಗಡು, ಕೆಳಗೆ ಚಕ್ರ ಇರುವ ಈ ಡಬ್ಬಿ ಅವಳಿಗೆ ಬರೀ ಗಾಡಿಯಾಗಿರಲಿಲ್ಲ. ಇದು ನಿಂತುಹೋದರೆ ತಾನು ಮತ್ತೆ ಕುಮಾರೇಶನ ಹಗ್ಗ ಹಿಡಿಯಬೇಕು. ತಾನು ಹಿಡಿದರೆ ಹಾಳಾಗಿಹೋಗಲಿ. ಇನ್ನು ಆ ಊರಲ್ಲಿ ಯಾವ ಹೆಂಗಸೂ ಅವನಿಗೆ ಎದುರಾಡುವುದಿಲ್ಲ. 'ನೋಡಿದ್ಯಾ ಮುನಿಗಂಗಿ ಗತಿ' ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುತ್ತಾರೆ. ಅದನ್ನು ನೆನೆದಾಗ ಸಿಟ್ಟು ಬಂತು.

ಮಂಡಿಯಿಂದ ನೇರವಾಗಿ ತಳಿಗೆ ಬಂದು ಅಶ್ವತ್ಥಪ್ಪನ ಶೆಡ್ಡಿನ ಬಾಯಿಗೆ ಗಾಡಿ ಅಡ್ಡ ನಿಲ್ಲಿಸಿದಳು, ಅವನು ಓಡಿಹೋಗದ ಹಾಗೆ.

"ಏನಣ್ಣಾ ಇದು? ನಿಜ ಹೇಳು. ಸತ್ತೋರು ಎದ್ದವ್ರೋ, ನಿನ್ ಕೈ ಬಿದ್ದೈತೋ?"

ಅಶ್ವತ್ಥಪ್ಪ ಬ್ರಷ್ಷು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಸತ್ತೋರ ಪಾಡಿಗೆ ಅವ್ರವ್ರೆ ಅಕ್ಕ. ಆ ಅಕ್ಷರ ಬರ್ದಿರಾದು ಗೇಟಿಗೆ, ಕಿಟಕಿಗೆ ಬಳಿಯೋ ಎಣ್ಣೆ ಬಣ್ಣದಾಗೆ. ನಾನ್ ಹೊಡ್ದಿದ್ದು ತಿನ್ನರ್ ಹಾಕಿ ಸ್ಪ್ರೇ ಮಾಡೋ ಬಣ್ಣ. ಎಲ್ಡಕ್ಕೂ ಆಗಿಬರಾಕಿಲ್ಲ. ತಿನ್ನರು ಒಳಿಕ್ಕೆ ಇಳ್ದು ಎಣ್ಣೆ ಬಣ್ಣವ ಕಚ್ಚಿ ಎಬ್ಬುಸ್ತದೆ. ನಾನು ತೆಳ್ಳುಗೆ ತೆಳ್ಳುಗೆ ಹೊಡ್ದು ಹೆಂಗೋ ಕೂರ್ಸಿದ್ದೆ. ಬಿಸ್ಲು ಬಿತ್ತು ನೋಡು, ಎದ್ಬುಡ್ತು. ಆ ಕೆಂಪು ಬ್ಯಾರೆ, ಯಾವ ಬಣ್ಣದ ಅಡಿಗಾಕಿದ್ರೂ ಒಸ್ರೋ ಕೆಂಪು."

"ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಇರ್ತದಾ? ಹಳೇದ್ನೆಲ್ಲ ತಗಡು ಕಾಣೋ ಗಂಟ ಕೆರ್ದು ಹೊಡೀಬೇಕು."

"ಮತ್ಯಾಕೆ ಕೆರೀನಿಲ್ಲ ಮುಂಡೇದೆ?"

ಅವನು ನೆಲ ನೋಡಿದ. "ಕೆರುದ್ರೆ ಧೂಳು ಏಳ್ತದಕ್ಕ. ಹೆಣದ ಗಾಡಿ ಧೂಳು. ಮೂಗಿಗೆ ಹೋಯ್ತದೆ, ಮೈಮ್ಯಾಲೆ ಬೀಳ್ತದೆ, ಮನೇಲಿ ಬಾಣಂತಿ ಅವ್ಳೆ. ಅದ್ಕೇ ಅರಿಶಿನದ ನೀರು, ಗಂಜಲ ಹಾಕಿ ಚೆಂದಾಗಿ ತೊಳ್ದೆ. ಮೈಲಿಗೆ ಹೋಯ್ತಲ್ಲ, ಸಾಕು ಅನ್ಕೊಂಡೆ."

ಮುನಿಗಂಗಮ್ಮನಿಗೆ ನಗುವೂ ಬಂತು, ಅವನ ಕಪಾಳಕ್ಕೆ ಬಿಡಬೇಕೆಂದೂ ಅನ್ನಿಸಿತು. ಕೆರೆಯಬೇಕಾದ್ದನ್ನು ತೊಳೆದಿದ್ದ ಪುಣ್ಯಾತ್ಮ! ಮೈಲಿಗೆ ಹೋಗುವುದಕ್ಕೆ ಅರಿಶಿನದ ನೀರು ಸಾಕಾದೀತು. ಎಣ್ಣೆ ಬಣ್ಣ ಮಂತ್ರ ಕೇಳುತ್ತದೆಯೇ?

"ಈಗ ಮ್ಯಾಲೆ ಲಪ್ಪದ ಹಿಟ್ಟು ಮೆತ್ತಿ ಇನ್ನೊಂದು ಕೈ ಹೊಡ್ಕೊಡ್ತೀನಿ, ಕಾಣಾಕಿಲ್ಲ" ಎಂದ ಅಶ್ವತ್ಥಪ್ಪ.

"ಮುಚ್ಚಿದ್ದು ಸಾಕು. ಮುಚ್ಚಿದ್ದಕ್ಕೇ ಈ ಗತಿ. ಕೆರೆಯೋ ಸಾಮಾನು ಕೊಡಿಲ್ಲಿ."

ಕೆರೆಯುವ ತಗಡು, ನೀರು ಹಾಕಿ ಉಜ್ಜುವ ಕಾಗದ, ಒಂದು ಡಬ್ಬಿ ತಿನ್ನರ್, ಎಲ್ಲವನ್ನೂ ಅವನು ದೂರದಿಂದಲೇ ಹಿಂದಿನ ಬಾಗಿಲೊಳಗೆ ಇಟ್ಟ. ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದ. ಅವಳು ಕಟ್ಟಿಕೊಳ್ಳಲಿಲ್ಲ.

ಮನೆಯ ಹಿತ್ತಲಲ್ಲಿ ಕೆರೆಯಬಹುದಿತ್ತು. ಚಿನ್ನಸ್ವಾಮಿ ಕೈಮುಗಿದು ಅದನ್ನೇ ಹೇಳಿದ. ಮುನಿಗಂಗಮ್ಮ ಕೇಳಬೇಕಲ್ಲ! ಹಿತ್ತಲಲ್ಲಿ ಕೆರೆದರೆ ಕದ್ದು ಕೆರೆದ ಹಾಗೆ. ಅಕ್ಷರ ಎದ್ದದ್ದು ಎಲ್ಲರ ಮುಂದೆ ತಾನೆ, ಹೋಗುವುದೂ ಎಲ್ಲರ ಮುಂದೆಯೇ ಹೋಗಲಿ ಎಂದು ಗಾಡಿಯನ್ನು ಅರಳಿಕಟ್ಟೆಯ ಮುಂದೆಯೇ ನಿಲ್ಲಿಸಿ, ಹಾಡಹಗಲಲ್ಲಿ ಕೆರೆಯಲು ಕುಳಿತಳು. ಕರ್ರೋ ಕರ್ರೋ ಎಂಬ ಆ ಸದ್ದು ಊರ ತುಂಬ ಕೇಳಿತು. ಊರೂ ಬಂತು.

"ಇಲ್ಲಿ ಬ್ಯಾಡ ಕಣಮ್ಮಿ, ಊರಾಚೆ ತಗೊಂಡೋಗು" ಎಂದಳು ವರಲಕ್ಷ್ಮಮ್ಮ. ಸಿಟ್ಟಿನಿಂದಲ್ಲ, ನಿಜವಾದ ಹೆದರಿಕೆಯಿಂದ. "ದೇವ್ರ ಹೂವ ಹೋಗೋ ದಾರಿ ಇದು."

"ದೊಡ್ಡಮ್ಮ, ಆಷಾಢದಾಗೆ ಮದ್ವೆ ಇಲ್ಲ, ಮನೆ ಒಕ್ಕಲಿಲ್ಲ. ನಿನ್ ಸೇವಂತಿಗೆ ಆವಾಗ ಯಾರು ತಗೊಂಡ್ರು? ಮಂಡೀಲಿ ನನ್ ಪಕ್ದಲ್ಲೇ ತಾನೆ ಕೂತಿದ್ದೆ? ಆಸ್ಪತ್ರೆ ಮುಂದೆ ಹೆಣಕ್ಕೆ ಹಾರ ಕಟ್ಟೋನು ಬುಟ್ಟಿ ಬುಟ್ಟೀನೇ ಎತ್ಕೊಂಡ್ ಹೋಗ್ನಿಲ್ವಾ? ಆ ಕಾಸ್ನಾಗೆ ನೀನು ಮುನೇಶ್ವರಂಗೆ ಎಣ್ಣೆ ತರ್ನಿಲ್ವಾ?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ವರಲಕ್ಷ್ಮಮ್ಮ ಮಾತ್ರ ಅಲುಗಲಿಲ್ಲ. "ಹೂವ ಹೆಣಕ್ಕೆ ಹೋಗಾದು ಬ್ಯಾರೆ ಕಣವ್ವ. ಹೆಣದ ತಾವಿಂದ ಹೂವ ಬರಾದು ಬ್ಯಾರೆ."

ಮುನಿಗಂಗಮ್ಮ ಮುಖ ತಿರುಗಿಸಿ ಮತ್ತೆ ಕೆರೆಯತೊಡಗಿದಳು. ಕುಮಾರೇಶ ಸಂದರ್ಭ ಬಿಡುವವನೇ? ಮುಂದೆ ಬಂದ. "ಇಷ್ಟು ಜನ ಹೇಳ್ತಾವ್ರೆ, ಕೇಳಾಕಾಗಲ್ವಾ? ಆ ಗಾಡೀಲಿ ಹತ್ತೋರು ಯಾರವ್ರೆ ಕೇಳು. ಮಾರ್ಬುಟ್ಟು ತೆಪ್ಪಗೆ ಟೆಂಪೋ ಹತ್ತು. ನಾನೇನು ಬ್ಯಾಡ ಅಂದೀನಾ?"

"ನಿನ್ ಟೆಂಪೋಗೆ ಬೆಂಕಿ ಬೀಳ!" ಎಂದಳು ಮುನಿಗಂಗಮ್ಮ. "ಒಬ್ರೂ ಹತ್ಬ್ಯಾಡ್ರಿ. ನಾನೊಬ್ಳೇ ಹೋಯ್ತೀನಿ, ನಾನೊಬ್ಳೇ ಬತ್ತೀನಿ. ನಾನು ಸತ್ರೆ ನನ್ನೂ ಇದ್ರಾಗೇ ಹಾಕ್ಕೊಂಡ್ ಹೋಗಿ, ಯಾರಿಗೂ ಬಾಡಿಗೆ ಕೊಡಂಗಿಲ್ಲ!" ಹೇಳುತ್ತಲೇ ಕೆರೆದಳು. ಸುಕ್ಕಿನ ಸಿಪ್ಪೆ ಉದ್ದುದ್ದ ಎದ್ದು ಬಂತು.

ಆಗ ಗುಂಪು ತಾನೇ ತಾನಾಗಿ ಬಾಯಿ ಬಿಟ್ಟುಕೊಂಡು ದಾರಿ ಕೊಟ್ಟಿತು. ಬಂದವಳು ಶ್ಯಾಮಲಮ್ಮ. ಮೇಲಿನ ಬೀದಿಯವಳು. ಹೋದ ವರ್ಷ ಅವಳ ಮಗ ಮೋಹನ, ಹೊಸೂರಿನ ಕಾರ್ಖಾನೆಗೆ ಹೋಗುತ್ತಿದ್ದವನು, ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಮುನಿಗಂಗಮ್ಮ ಆಗ ತವರಿನಲ್ಲಿ ಅಣ್ಣನ ಸೊಸೆಯ ಬಾಣಂತನಕ್ಕೆ ಹೋಗಿದ್ದಳು, ಬಿಡಲು ಹೋದ ಚಿನ್ನಸ್ವಾಮಿಯೂ ಅಲ್ಲೇ ಉಳಿದಿದ್ದ. ಸುದ್ದಿ ತಲುಪಿ ಬರುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ಅಂದಿನಿಂದ ಶ್ಯಾಮಲಮ್ಮ ಹೊಲ, ಮನೆ ಎಂದಿದ್ದವಳು ಕಟ್ಟೆಯ ಕಡೆ ಬಂದವಳೇ ಅಲ್ಲ. ಈಗ ಯಾರನ್ನೂ ನೋಡದೆ ನೇರವಾಗಿ ಗಾಡಿಯ ಹಿಂಭಾಗಕ್ಕೆ ಹೋದಳು. ಹಿಂದಿನ ಬಾಗಿಲ ಹಿಡಿ ಯಾವಾಗಲೋ ಮುರಿದದ್ದಕ್ಕೆ ತಂತಿ ಸುತ್ತಿ ಕಟ್ಟಿದ್ದರು. ಆ ತಂತಿಯನ್ನು ಮುಟ್ಟಿದಳು.

"ಇದೇ ಗಾಡಿ" ಎಂದಳು. "ನನ್ ಮಗ ಬಂದಿದ್ದು ಇದ್ರಾಗೇ."

ಮುನಿಗಂಗಮ್ಮ ಎದ್ದು ನಿಂತಳು. ಹೆಂಗಸರು ಪಿಸುಗುಟ್ಟಿದ್ದು ಏನೆಂದು ಅವಳಿಗೆ ಈಗ ತಿಳಿಯಿತು. ಊರಿಗೆಲ್ಲ ಗೊತ್ತಿತ್ತು, ತನ್ನ ಮನೆಗೆ ಮಾತ್ರ ಗೊತ್ತಿರಲಿಲ್ಲ. ಎದ್ದು ಬಂದವರು ಎಂದು ಅವರು ಹೆದರಿದ್ದು ಯಾವುದೋ ಹೆಸರಿಲ್ಲದ ಹೆಣಕ್ಕಲ್ಲ, ಕಣ್ಣೆದುರು ಬೆಳೆದ ಮೋಹನನಿಗೆ. ಅವಳ ಕೈಯಿಂದ ಕೆರೆಯುವ ತಗಡು ಜಾರಿ ಬಿತ್ತು. ಅವಳ ಸಿಟ್ಟು ಇಳಿದುಹೋಯಿತು.

"ಶ್ಯಾಮಲಕ್ಕಾ, ನಂಗೆ ಗೊತ್ತಿರ್ನಿಲ್ಲ ಕಣಕ್ಕ. ಮುನೇಶ್ವರನಾಣೆ ಗೊತ್ತಿರ್ನಿಲ್ಲ. ಇದು ಕಣ್ಮುಂದೆ ಓಡಾಡಿದ್ರೆ ನಿಂಗೆ ಸಂಕಟ ಆಯ್ತದೆ ಅಂದ್ರೆ ಒಂದು ಮಾತು ಹೇಳು. ಇವತ್ತೇ ಮಾರ್ಬುಡ್ತೀನಿ. ಇವ್ರ ಮಾತಿಗಲ್ಲ, ಇವ್ರಿಗೆಲ್ಲ ಹೆದ್ರೋಳಲ್ಲ ನಾನು. ನಿನ್ ಮಾತಿಗೆ."

ಹೇಳಿದ್ದು ಬಾಯುಪಚಾರಕ್ಕಲ್ಲ. ಮಾರಿದರೆ ಮಾರನೆಯ ದಿನವೇ ಟೆಂಪೋದ ಹಗ್ಗ ಹಿಡಿಯಬೇಕೆಂದು ಗೊತ್ತಿದ್ದೂ ಹೇಳಿದಳು. ಕುಮಾರೇಶನ ಮುಖ ಅರಳಿತು.

ಶ್ಯಾಮಲಮ್ಮ ಊದಿಕೊಂಡ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಉಜ್ಜುವ ಕಾಗದ ತೆಗೆದಳು.

"ಇದ್ನ ಹೆಂಗೆ ಉಜ್ಜಾದು, ತೋರ್ಸು."

ಕರ್ರೋ ಕರ್ರೋ ಸದ್ದು ಮತ್ತೆ ಶುರುವಾಯಿತು, ಈಗ ಎರಡು ಕಡೆಯಿಂದ. ಕೆಂಪು ನೀರು ಇಬ್ಬರ ಮೊಣಕೈಗೂ ಇಳಿಯಿತು. ಕುಮಾರೇಶನಿಗೆ ಇದು ನುಂಗಲಾಗಲಿಲ್ಲ. "ಶ್ಯಾಮಲಕ್ಕ, ನೀನೂ ಹಿಂಗೆ ಮಾಡಿದ್ರೆ ಹೆಂಗೆ? ಮೈಲಿಗೆ ಅಂತ ಒಂದಿಲ್ವಾ?" ಎಂದ.

ಶ್ಯಾಮಲಮ್ಮ ಉಜ್ಜುವುದನ್ನು ನಿಲ್ಲಿಸಿ ತಲೆಯೆತ್ತಿದಳು. ದನಿ ಏರಿಸಲಿಲ್ಲ. "ಯಾರು ಮೈಲಿಗೆ ಕುಮಾರೇಶ? ನನ್ ಮಗನಾ?"

ಮೋಹನ ಅವನ ಜೊತೆ ಗೋಲಿ ಆಡಿ ಬೆಳೆದವನು. ಕುಮಾರೇಶ ತಲೆ ಕೆರೆದುಕೊಂಡು ಟೆಂಪೋದ ಕಡೆ ಹೊರಟುಹೋದ. ಗುಂಪೂ ಕರಗಿತು. ವರಲಕ್ಷ್ಮಮ್ಮ ಮಾತ್ರ ಕಟ್ಟೆಯ ಮೇಲೆ ಕೂತೇ ಇದ್ದಳು. ಬೈಯಲಿಲ್ಲ, ಬರಲೂ ಇಲ್ಲ.

ಸಂಜೆಯ ಹೊತ್ತಿಗೆ ಅಕ್ಷರಗಳಿದ್ದ ಜಾಗದಲ್ಲೆಲ್ಲ ಬರೀ ತಗಡು. ಸುತ್ತ ಹಳದಿ, ನಡುವೆ ಬೋಳು. ನೋಡುವುದಕ್ಕೆ ಹುಳುಕಡ್ಡಿ ಹತ್ತಿದ ದನದ ಹಾಗಿತ್ತು. ಸುದ್ದಿ ಕೇಳಿ ಅಶ್ವತ್ಥಪ್ಪ ಫೋನು ಮಾಡಿ, "ತಂದು ಬಿಡಕ್ಕ, ಈಗ ಹೊಡೀತೀನಿ, ಬಿಟ್ಟಿ ಹೊಡೀತೀನಿ" ಎಂದ. "ಧೂಳೆಲ್ಲ ಹೋದ್ಮ್ಯಾಲೆ ನಿಂಗೆ ಧೈರ್ಯ ಬಂತಾ? ತುಕ್ಕು ಹಿಡಿಯಾಕೆ ಮುಂಚೆ ಬತ್ತೀನಿ, ನಿನ್ ಪಾಡಿಗಿರು" ಎಂದು ಇಟ್ಟಳು.

ಮರುದಿನ ಹೊತ್ತು ಮೂಡುವಾಗ ಕಟ್ಟೆಯ ಮುಂದೆ ಟೆಂಪೋವೂ ಇತ್ತು, ಮುನಿಗಂಗಮ್ಮನ ಬೋಳು ಗಾಡಿಯೂ ಇತ್ತು. ಹೆಂಗಸರು ಬುಟ್ಟಿ ಹೊತ್ತು ಎರಡರ ನಡುವೆ ನಿಂತಿದ್ದರು, ಯಾರೂ ಯಾವ ಕಡೆಗೂ ಕಾಲು ಕೀಳದೆ. ಕುಮಾರೇಶ ಹಾರನ್ನು ಒತ್ತಿದ. ಮುನಿಗಂಗಮ್ಮ ಒತ್ತಲಿಲ್ಲ. ಕರೆಯುವುದಿಲ್ಲ ಎಂದು ರಾತ್ರಿಯೇ ತೀರ್ಮಾನ ಮಾಡಿದ್ದಳು. ಸ್ಟೇರಿಂಗು ಹಿಡಿದು ನೇರ ನೋಡುತ್ತ ಕೂತಿದ್ದಳು.

ಶ್ಯಾಮಲಮ್ಮ ಬಂದಳು. ಬುಟ್ಟಿಯನ್ನು ಹಿಂದೆ ಇಟ್ಟಳು. ಮುನಿಗಂಗಮ್ಮ ಬಾಗಿ ಮುಂದಿನ ಬಾಗಿಲು ತೆರೆದು, "ಬಾಕ್ಕ, ಮುಂದ್ಕೆ ಬಾ" ಎಂದಳು.

"ಬ್ಯಾಡ. ನಾನು ಹಿಂದ್ಲಾಗೇ ಕೂತ್ಕೊತೀನಿ."

"ಅಲ್ಲಿ ಸೀಟಿಲ್ಲ ಕಣಕ್ಕ."

"ಗೊತ್ತು." ಶ್ಯಾಮಲಮ್ಮ ತಂತಿ ಸುತ್ತಿದ ಹಿಡಿಯನ್ನು ಹಿಡಿದುಕೊಂಡೇ ಹೇಳಿದಳು. ಹೆಂಗಸರೆಲ್ಲರಿಗೂ ಕೇಳುತ್ತಿತ್ತು. "ಅವತ್ತು ಆಸ್ಪತ್ರೆ ಬಾಗ್ಲಾಗೆ ಇದ್ನ ಹಿಂಗೇ ಹಿಡ್ಕೊಂಡಿದ್ದೆ. ನಾನೂ ಹತ್ತೀನಿ, ಮಗೀನ ಪಕ್ಕ ಕೂತ್ಕೊಂಡು ಬತ್ತೀನಿ ಅಂದೆ. ಹೆಂಗುಸ್ರು ಹತ್ತಬಾರ್ದು ಅಂದ್ರು. ಬೆರಳು ಬಿಡ್ಸಿ ಬಸ್ಸಿಗೆ ಹತ್ತುಸ್ಬುಟ್ರು. ಅಷ್ಟು ದೂರ ಅವ್ನು ಒಬ್ನೇ ಬಂದ."

ಸೀರೆ ಮೇಲೆತ್ತಿ ಒಳಗೆ ಹತ್ತಿದಳು. ಬರೀ ತಗಡಿನ ಮೇಲೆ ಕಾಲು ಚಾಚಿ ಕೂತಳು. ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಇಟ್ಟುಕೊಂಡಳು.

ಟೆಂಪೋದ ಹಾರನ್ನು ಇನ್ನೊಮ್ಮೆ ಕೂಗಿತು. ಆಗ ಹೆಂಗಸರ ನಡುವಿನಿಂದ ವರಲಕ್ಷ್ಮಮ್ಮ ಕದಲಿದಳು. ಬಿಳಿ ತಲೆ, ಬಗ್ಗಿದ ಬೆನ್ನು. ತಲೆಯ ಮೇಲಿನ ಬುಟ್ಟಿಯಲ್ಲಿ ಮುನೇಶ್ವರನಿಗೆಂದು ತೆಗೆದಿಟ್ಟ ಹೂವೂ ಇತ್ತು. ಒಂದೊಂದೇ ಹೆಜ್ಜೆಯಿಟ್ಟು ಗಾಡಿಯ ಹಿಂಬಾಗಿಲಿಗೆ ಬಂದು ನಿಂತಳು. ಬುಟ್ಟಿ ಇಳಿಸಲು ಕೈಲಾಗದೆ ಏದುಸಿರು ಬಿಟ್ಟಳು. ಒಳಗಿದ್ದ ಶ್ಯಾಮಲಮ್ಮ ಕೈಚಾಚಿ ಇಳಿಸಿಕೊಂಡಳು.

"ಅವತ್ತು ನಿನ್ ಬೆರಳು ಬಿಡ್ಸಿದೋಳು ನಾನೇ ಅಲ್ವೇನೇ" ಎಂದಳು ವರಲಕ್ಷ್ಮಮ್ಮ. "ಶಾಸ್ತ್ರ ಅಂದೆ. ಸರ್ಕೊ ಆ ಕಡೀಕೆ. ನಾನೂ ಹತ್ತೀನಿ, ಕೈ ಕೊಡು."

ಶ್ಯಾಮಲಮ್ಮ ಕೈ ಕೊಟ್ಟಳು. ಮುದುಕಿ ಮೊಣಕಾಲೂರಿ ಹತ್ತಿ ಅವಳ ಮಗ್ಗುಲಲ್ಲಿ ಕೂತಳು. ಹೊರಗೆ ನಿಂತವರೆಲ್ಲ ಬುಟ್ಟಿಗಳನ್ನು ಎತ್ತಿಕೊಂಡು ನುಗ್ಗಿದರು. ಮುನಿಗಂಗಮ್ಮನಿಗೆ ಮುಂದಿನ ರಸ್ತೆ ಕಾಣಿಸಲಿಲ್ಲ. ಸೆರಗಿನಿಂದ ಕಣ್ಣು ಮೂಗು ಎರಡನ್ನೂ ಒರೆಸಿಕೊಂಡು, ಹಿಂದಕ್ಕೆ ತಿರುಗದೆಯೇ ಗದರಿದಳು.

"ಬಾಗ್ಲು ಹಾಕ್ರೇ! ಹೂವ ಬಾಡ್ತದೆ!"